ಹತ್ತಿಕುಣಿಗೆ ಎಷ್ಟು ಬೈಟು ಬೇಕ್ರೀ?

"ಹೆಸರುಗಳನ್ನ ಕನ್ನಡದಲ್ಲಿ ಇಟ್ಕೊಂಡ್ರೆ ಡಿಸ್ಕು ಮೂರು ಪಟ್ಟು ಬೇಕಾಗುತ್ತೆ ಗುರು, ದುಡ್ಡು ಯಾರು ಕೊಡ್ತಾರೆ?"

ಕೆಲಸಕ್ಕೆ ಸೇರಿದ ಈ ಆರು ವರ್ಷದಲ್ಲಿ ಈ ಮಾತನ್ನ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ! ಹೇಳೋರೆಲ್ಲ ಎಂಜಿನಿಯರುಗಳೇ, ಅರ್ಧಕ್ಕರ್ಧ ಕನ್ನಡದವರೇ. ಮಜಾ ಅಂದ್ರೆ ಅವರಲ್ಲಿ ಒಬ್ಬರೂ ಕಾಗದ ಪೆನ್ನು ತಗೊಂಡು ಲೆಕ್ಕ ಹಾಕಿದ್ದನ್ನ ನಾನು ನೋಡಿಲ್ಲ. ಹಾಗಾಗಿ ಇವತ್ತು ಆ ಲೆಕ್ಕ ಇಲ್ಲೇ ಹಾಕಿಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಅಂಕಿಗಳಿರುತ್ತವೆ, ಸಹಿಸಿಕೊಳ್ಳಿ.

ಮೊದಲು ನನ್ನ ಹೊಟ್ಟೆಪಾಡಿನ ವಿಷಯ. ನಾನು ಮೇನ್‌ಫ್ರೇಮ್ ಮೇಲೆ ಕೆಲಸ ಮಾಡೋನು. ಬ್ಯಾಂಕು, ವಿಮೆ ಕಂಪನಿಗಳ ದೊಡ್ಡ ಲೆಕ್ಕಪತ್ರಗಳು ಈಗಲೂ ಓಡೋದು ಇದರ ಮೇಲೆ. ಅಲ್ಲಿ ಫೈಲಿಗೆ ಡೇಟಾ ಸೆಟ್ ಅಂತಾರೆ. ನಿಮ್ಮ ಲ್ಯಾಪ್‌ಟಾಪಿನ ಹಾಗೆ ಸುಮ್ಮನೆ ಸೇವ್ ಒತ್ತಿದರೆ ನಡೆಯಲ್ಲ. ನನಗೆ ಇಷ್ಟು ಸಿಲಿಂಡರ್ ಜಾಗ ಬೇಕು, ಸಾಲದಿದ್ದರೆ ಇನ್ನಿಷ್ಟು ಅಂತ ಮುಂಚೆಯೇ ಹೇಳಬೇಕು. ಕಡಿಮೆ ಹೇಳಿದಿರೋ, ರಾತ್ರಿ ಎರಡು ಗಂಟೆಗೆ ಎಸ್‌ಬಿ37 ಅಂತ ಜಾಬ್ ಮಕಾಡೆ ಮಲಗುತ್ತೆ, ಫೋನು ನಿಮಗೇ ಬರುತ್ತೆ. ಜಾಸ್ತಿ ಹೇಳಿದಿರೋ, ಸ್ಟೋರೇಜ್ ಟೀಮಿನವರ ಮೇಲ್ ಬರುತ್ತೆ. ಅಂದರೆ ಜಾಗದ ಅಂದಾಜು ಹಾಕೋದು ನಮ್ಮ ದಿನನಿತ್ಯದ ಕಸುಬು. ಅಂಥವರೇ ಕನ್ನಡದ ವಿಷಯ ಬಂದಾಗ ಮಾತ್ರ ಅಂದಾಜೇ ಇಲ್ಲದೆ ತೀರ್ಪು ಕೊಡ್ತಾರಲ್ಲ, ಸಿಟ್ಟು ಬರೋದು ಅದಕ್ಕೇ.

ಸರಿ, ನಮ್ಮೂರಿಂದಲೇ ಶುರು ಮಾಡೋಣ. ಯಾದಗಿರಿ ಪಕ್ಕದ ಹತ್ತಿಕುಣಿ. ಇಂಗ್ಲಿಷಿನಲ್ಲಿ ಬರೆದರೆ ಎಚ್, ಎ, ಟಿ, ಟಿ, ಐ, ಕೆ, ಯು, ಎನ್, ಐ... ಒಟ್ಟು 9 ಅಕ್ಷರ. ಮೇನ್‌ಫ್ರೇಮಿನ ಹಳೇ ಎಬ್ಸಿಡಿಕ್ ಸಂಕೇತದಲ್ಲಿ 9 ಬೈಟು. ಈಗ ಕನ್ನಡದಲ್ಲಿ ಯುನಿಕೋಡ್ ಲೆಕ್ಕ ಹಿಡಿಯಿರಿ: ಹ, ತ, ವಿರಾಮ, ತ, ಇಕಾರ, ಕ, ಉಕಾರ, ಣ, ಇಕಾರ. ಇದೂ 9! ಒಂದೂ ಹೆಚ್ಚಿಲ್ಲ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು, ಹಾಗಾಗಿ 27. ಯುಟಿಎಫ್-16ರಲ್ಲಿ ಎರಡೆರಡು, ಹಾಗಾಗಿ 18. ಮೂರು ಪಟ್ಟು ಅನ್ನೋ ಮಾತು ಹುಟ್ಟಿದ್ದು ಇಲ್ಲಿ, ಇಷ್ಟರ ಮಟ್ಟಿಗೆ ಅದು ನಿಜವೇ. (1991ರ ಇಸ್ಕಿ ಸಂಕೇತದಲ್ಲಿ ಇದೇ ಹೆಸರಿಗೆ 9 ಬೈಟು ಸಾಕಿತ್ತು. ಆಗ ಯಾಕೆ ಕನ್ನಡ ಇಡಲಿಲ್ಲ ಅಂತ ಇವರನ್ನ ಕೇಳಬೇಕು. ಆಗ ಬೇರೆ ನೆಪ ಇರುತ್ತಿತ್ತು ಬಿಡಿ.)

ಈಗ ದೊಡ್ಡ ಲೆಕ್ಕಕ್ಕೆ ಬನ್ನಿ. ಒಂದೂರು ಯಾಕೆ, ಇಡೀ ಕರ್ನಾಟಕವನ್ನೇ ತಗೊಳ್ಳೋಣ. 2011ರ ಜನಗಣತಿಯಲ್ಲಿ ನಾವು 6,10,95,297 ಮಂದಿ. ಹಾಲು ಕುಡಿಯೋ ಕೂಸೂ ಸೇರಿ ಪ್ರತಿಯೊಬ್ಬರ ಹೆಸರು, ತಂದೆ ಹೆಸರು, ಊರು ಅಂತ ಮೂರು ಕಾಲಂ, ಪ್ರತಿಯೊಂದಕ್ಕೂ 30 ಅಕ್ಷರದ ಜಾಗ. ಇಂಗ್ಲಿಷಾದರೆ ಒಂದು ರೆಕಾರ್ಡು 90 ಬೈಟು, ಯುಟಿಎಫ್-8 ಕನ್ನಡವಾದರೆ 270.

ಡಿಸ್ಕಿನ ಅಳತೆ ಐಬಿಎಂನ 3390ದು. 1989ರಲ್ಲಿ ಬಂದ ಆ ಡಿಸ್ಕಿನ ನಿಜವಾದ ತಟ್ಟೆಗಳು ಈಗಿಲ್ಲ, ಆದರೆ ಇವತ್ತಿನ ಸ್ಟೋರೇಜ್ ಪೆಟ್ಟಿಗೆಗಳೂ ಅದರ ವೇಷ ಹಾಕಿಕೊಂಡೇ ಮೇನ್‌ಫ್ರೇಮಿಗೆ ಮುಖ ತೋರಿಸೋದು. ಒಂದು ಟ್ರ್ಯಾಕಿಗೆ ಹೆಚ್ಚೆಂದರೆ 56,664 ಬೈಟು, ಒಂದು ಸಿಲಿಂಡರಿಗೆ 15 ಟ್ರ್ಯಾಕು.

ಇಲ್ಲಿ ಒಂದು ಒಳಗುಟ್ಟಿದೆ. ನಮ್ಮ ಹತ್ತಿಕುಣಿ ಡ್ಯಾಮು ನೋಡಿದವರಿಗೆ ಬೇಗ ಅರ್ಥವಾಗುತ್ತೆ. ಡ್ಯಾಮಿನಲ್ಲಿ ಇರೋ ನೀರೆಲ್ಲ ಹೊಲಕ್ಕೆ ಹೋಗಲ್ಲ. ತೂಬಿಗಿಂತ ಕೆಳಗಿರೋದು ಅಲ್ಲೇ ಉಳಿಯುತ್ತೆ, ನೀರಾವರಿ ಎಂಜಿನಿಯರುಗಳು ಅದನ್ನ ಡೆಡ್ ಸ್ಟೋರೇಜ್ ಅಂತ ಮೊದಲೇ ಕಳೆದು ಲೆಕ್ಕ ಹಾಕ್ತಾರೆ. ಡಿಸ್ಕಿನಲ್ಲೂ ಹಾಗೇ. ಒಂದು ಬ್ಲಾಕಿಗೂ ಇನ್ನೊಂದು ಬ್ಲಾಕಿಗೂ ನಡುವೆ ಖಾಲಿ ಬದು ಬಿಡಬೇಕು, ಪ್ರತಿ ಬ್ಲಾಕಿಗೂ ತಲೆಪಟ್ಟಿ ಬೇರೆ. ಹೊಲ ಸಣ್ಣ ಸಣ್ಣ ತುಂಡಾದಷ್ಟೂ ಬದುಗಳೇ ಜಾಸ್ತಿ, ಬಿತ್ತೋ ಜಾಗ ಕಡಿಮೆ. ಅದಕ್ಕೇ ತಿಳಿದವರು ಎಷ್ಟೋ ರೆಕಾರ್ಡುಗಳನ್ನ ಸೇರಿಸಿ, ಅರ್ಧ ಟ್ರ್ಯಾಕಿಗೆ ಒಂದು ಬ್ಲಾಕ್ ಬರೋ ಹಾಗೆ (27,998 ಬೈಟಿನ ಒಳಗೆ) ಕಟ್ಟುತ್ತಾರೆ.

ಹಾಗೆ ಕಟ್ಟಿದರೆ:

ಇಂಗ್ಲಿಷ್: ಒಂದು ಬ್ಲಾಕಿಗೆ 311 ರೆಕಾರ್ಡು, ಟ್ರ್ಯಾಕಿಗೆ 622, ಸಿಲಿಂಡರಿಗೆ 9,330. ಒಟ್ಟು 6,549 ಸಿಲಿಂಡರ್.

ಕನ್ನಡ: ಒಂದು ಬ್ಲಾಕಿಗೆ 103, ಟ್ರ್ಯಾಕಿಗೆ 206, ಸಿಲಿಂಡರಿಗೆ 3,090. ಒಟ್ಟು 19,772 ಸಿಲಿಂಡರ್.

ಹೌದು, ಮೂರು ಪಟ್ಟು. ಆದರೆ 3390 ಮಾಡೆಲ್ 27 ಅನ್ನೋ ವಾಲ್ಯೂಮಿನಲ್ಲಿ 32,760 ಸಿಲಿಂಡರ್ ಇವೆ. ಅಂದರೆ ಇಡೀ ಕರ್ನಾಟಕದ ಜನರ ಹೆಸರು, ಅಪ್ಪನ ಹೆಸರು, ಊರು ಕನ್ನಡದಲ್ಲಿ ಬರೆದಿಟ್ಟ ಮೇಲೂ ಒಂದೇ ಒಂದು ವಾಲ್ಯೂಮಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಖಾಲಿ! ಹೆಚ್ಚುವರಿ ಖರ್ಚು 13,223 ಸಿಲಿಂಡರ್, ಸುಮಾರು 11 ಜಿಬಿ. ಬ್ಯಾಕಪ್ಪು ಅದು ಇದು ಅಂತ ಹತ್ತು ಪ್ರತಿ ಇಟ್ಟರೂ 112 ಜಿಬಿ. ಮೇನ್‌ಫ್ರೇಮ್ ಡಿಸ್ಕು ಪೆನ್‌ಡ್ರೈವಿನಷ್ಟು ಅಗ್ಗ ಅಲ್ಲ, ಒಪ್ಪಿದೆ. ಆದರೆ ಆರು ಕೋಟಿ ಜನರ ಭಾಷೆಯನ್ನ ಹೊರಗಿಡುವಷ್ಟು ದುಬಾರಿಯೂ ಅಲ್ಲ.

ಇನ್ನು ಅಸಲಿ ತಮಾಷೆ ಕೇಳಿ. ಅದೇ 90 ಬೈಟಿನ ಇಂಗ್ಲಿಷ್ ರೆಕಾರ್ಡನ್ನ ಯಾರೋ ಪುಣ್ಯಾತ್ಮರು ಬ್ಲಾಕ್ ಕಟ್ಟದೆ, ಒಂದು ಬ್ಲಾಕಿಗೆ ಒಂದೇ ರೆಕಾರ್ಡು ಅಂತ ಬರೆದರು ಅನ್ನಿ. ಆಗ ಟ್ರ್ಯಾಕಿಗೆ ಹಿಡಿಸೋದು ಬರೀ 78. ಸಿಲಿಂಡರಿಗೆ 1,170. ಒಟ್ಟು 52,219 ಸಿಲಿಂಡರ್! ಸರಿಯಾಗಿ ಕಟ್ಟಿದ ಕನ್ನಡಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ಬ್ಲಾಕ್‌ಸೈಜ್ ಸೊನ್ನೆ ಅಂತ ಕೊಟ್ಟು ಸಿಸ್ಟಮ್ಮಿಗೇ ಬಿಟ್ಟಿದ್ದರೆ ಅದೇ ಒಳ್ಳೇ ಅಳತೆ ಹುಡುಕಿಕೊಳ್ತಿತ್ತು. ಇಂಥ ಡೇಟಾ ಸೆಟ್‌ಗಳನ್ನ ನಾನು ಕಣ್ಣಾರೆ ನೋಡಿದ್ದೀನಿ. ಅವುಗಳ ಬಗ್ಗೆ ಯಾವ ಮೀಟಿಂಗಿನಲ್ಲೂ "ದುಡ್ಡು ಯಾರು ಕೊಡ್ತಾರೆ" ಅಂತ ಯಾರೂ ಕೇಳಲ್ಲ. ಸೋಮಾರಿತನಕ್ಕೆ ಎಂಟು ಪಟ್ಟು ಜಾಗ ಸಲೀಸಾಗಿ ಸಿಗುತ್ತೆ, ಕನ್ನಡಕ್ಕೆ ಮೂರು ಪಟ್ಟು ಅಂದ ತಕ್ಷಣ ಜೇಬು ನೆನಪಾಗುತ್ತೆ.

ಸಂಕುಚನದ ಮಾತು ಇನ್ನೂ ಎತ್ತಿಲ್ಲ ನಾನು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತದ ಮೊದಲ ಬೈಟು ಒಂದೇ, ಎರಡನೆಯದು ಎರಡರಲ್ಲಿ ಒಂದು. ಇಷ್ಟು ಪುನರಾವರ್ತನೆ ಇರೋ ಡೇಟಾ ಚೆನ್ನಾಗಿ ಕುಗ್ಗುತ್ತೆ. 2019ರ ಝಡ್15 ಯಂತ್ರದಿಂದೀಚೆಗೆ ಕುಗ್ಗಿಸೋ ಕೆಲಸಕ್ಕೆ ಚಿಪ್ಪಿನಲ್ಲೇ ವ್ಯವಸ್ಥೆ ಇದೆ.

ಕನ್ನಡ ಇಡೋದರಲ್ಲಿ ಕಷ್ಟವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ. 24 ಸಾಲು, 80 ಕಾಲಮ್ಮಿನ ಹಸಿರು ಪರದೆಗೆ ಒತ್ತಕ್ಷರ ಗೊತ್ತಿಲ್ಲ. ಮೂವತ್ತು ವರ್ಷದ ಹಳೇ ಕೋಬಾಲ್ ಪ್ರೋಗ್ರಾಮುಗಳಲ್ಲಿ ಹೆಸರಿನ ಉದ್ದ 30 ಅಂತ ಸಾವಿರ ಕಡೆ ಕೆತ್ತಿಟ್ಟಿದ್ದಾರೆ, ಅದನ್ನೆಲ್ಲ ಹುಡುಕಿ ಬದಲಿಸಬೇಕು. 30 ಬೈಟಿಗೆ ಕತ್ತರಿಸೋ ಕೋಡು ನಡು ಅಕ್ಷರಕ್ಕೇ ಕತ್ತರಿ ಹಾಕಬಹುದು. ಇದು ನಿಜವಾದ ಕೆಲಸ, ಇದಕ್ಕೆ ಜನ ಬೇಕು, ದುಡ್ಡು ಬೇಕು. ಹಾಗಿದ್ದರೆ ಅದನ್ನೇ ಹೇಳಿ ಸ್ವಾಮಿ, ಡಿಸ್ಕಿನ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? ಕೋಬಾಲಿನಲ್ಲಿ ಯುನಿಕೋಡ್ ಬಂದದ್ದು 2001ರಲ್ಲಿ. ವರ್ಷಕ್ಕೆ ಎರಡೇ ಅಂಕಿ ಇಟ್ಟು ಜಾಗ ಉಳಿಸಿದ್ದನ್ನ 2000ನೇ ಇಸವಿ ಬರೋದರೊಳಗೆ ಸಾಲು ಸಾಲು ಹುಡುಕಿ ಸರಿ ಮಾಡಿದ ಊರು ನಮ್ಮ ಬೆಂಗಳೂರು. ಆಗ ಆಗಿದ್ದು ಈಗ ಆಗಲ್ವಾ?

ಸರ್ಕಾರದ್ದೇ ಉದಾಹರಣೆ ಇದೆ. ಭೂಮಿ ಯೋಜನೆಯಲ್ಲಿ 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕನ್ನಡದಲ್ಲೇ! ಅದೂ ಮೇನ್‌ಫ್ರೇಮಿನಲ್ಲಲ್ಲ, ತಾಲೂಕು ಕಚೇರಿಯ ಸಾಧಾರಣ ಸರ್ವರುಗಳಲ್ಲಿ, ಆಗಿನ ಕಾಲದ ಡಿಸ್ಕಿನಲ್ಲಿ.

ಹೆಸರು ಇಂಗ್ಲಿಷಿನಲ್ಲಿದ್ದರೆ ಏನು ಗಂಟು ಹೋಗುತ್ತೆ ಅಂತ ಕೇಳೋರಿಗೆ: ಪಹಣಿಯಲ್ಲಿ ಕನ್ನಡ, ಪಾಸ್‌ಬುಕ್ಕಿನಲ್ಲಿ ಇಂಗ್ಲಿಷು, ಎರಡನ್ನೂ ತಾಳೆ ನೋಡೋ ಗುಮಾಸ್ತರು ನಡುವೆ. ಸುರಪುರವನ್ನ ಒಬ್ಬರು ಶೋರಾಪುರ ಅಂತ ಬರೀತಾರೆ, ಇನ್ನೊಬ್ಬರು ಸುರ್ಪುರ್ ಅಂತ. ಶಹಾಪುರದಲ್ಲಿ ಒಂದು ಎ ಇರುತ್ತೋ ಎರಡೋ ದೇವರೇ ಬಲ್ಲ. ಣ ಮತ್ತು ನ ಒಂದೇ ಆಗಿಬಿಡುತ್ತವೆ. ನಮ್ಮ ಕಡೆಯ ಒಂದು ಸಾಮಾನ್ಯ ಹೆಸರು ತಗೊಳ್ಳಿ: ಮಲ್ಲಿಕಾರ್ಜುನಪ್ಪ ಸಿದ್ದರಾಮಪ್ಪ ಹತ್ತಿಕುಣಿ. ಮೂರನ್ನೂ ಒಂದೇ 30 ಅಕ್ಷರದ ಕಾಲಮ್ಮಿಗೆ ಇಂಗ್ಲಿಷಿನಲ್ಲಿ ತುರುಕಿದರೆ ಹತ್ತಿಕುಣಿಯಲ್ಲಿ ಉಳಿಯೋದು ಎಚ್ ಒಂದೇ. ಇಂಥದೇ ಉದ್ದ ಹೆಸರಿನ ನಮ್ಮ ದೊಡ್ಡಪ್ಪ ಬೆಳೆಸಾಲದ ಕಾಗದ ಹಿಡಕೊಂಡು ಒಂದು ಬ್ಯಾಂಕಿಗೆ ಮೂರು ಸಲ ಅಲೆದರು, ಪಹಣಿಯಲ್ಲಿರೋ ಮನುಷ್ಯ ನೀವೇ ಅಂತ ಬರೆಸಿಕೊಂಡು ಬನ್ನಿ ಅಂತ ಪ್ರತಿ ಸಲ ವಾಪಸ್ ಕಳಿಸಿದರಂತೆ. ಊರಿಗೆ ಹೋದಾಗ ನನ್ನನ್ನ ಕೇಳಿದ್ದು: "ಏನಲೇ, ನಿಮ್ಮ ಮಿಷನ್ನಿನ್ಯಾಗ ನನ್ನ ಹೆಸರಿಗಿ ಜಾಗಾ ಇಲ್ಲಂತ ಹೌದೇನು?"

ಜಾಗ ಇದೆ ದೊಡ್ಡಪ್ಪ, ಬೇಕಾದಷ್ಟಿದೆ.

ಸ್ನೇಹಿತರೇ, ಯುನಿಕೋಡಿಗಾಗಿ ಚೌಕ ಚೌಕ ಅಕ್ಷರಗಳ ಕಾಲದಿಂದ ಗುದ್ದಾಡಿದವರು ನೀವು, ನಿಮಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಆದರೆ ನಿಮ್ಮ ಆಫೀಸಿನಲ್ಲೂ ಈ ಮೂರು ಪಟ್ಟಿನ ಮಾತು ಬರುತ್ತೆ. ಬಂದಾಗ ಕೇಳಿ: ಎಷ್ಟು ರೆಕಾರ್ಡು, ರೆಕಾರ್ಡಿನ ಉದ್ದ ಎಷ್ಟು, ಬ್ಲಾಕ್‌ಸೈಜ್ ಎಷ್ಟು? ಮೇಲಿನ ನನ್ನ ಲೆಕ್ಕದಲ್ಲಿ ತಪ್ಪು ಕಂಡವರು ದಯವಿಟ್ಟು ಕಾಮೆಂಟ್ ಹಾಕಿ. ಸಿಲಿಂಡರುಗಳಲ್ಲೇ ಹೇಳಬೇಕು, "ಪ್ರಾಕ್ಟಿಕಲ್ ಆಗಿ ಯೋಚನೆ ಮಾಡ್ರೀ" ಅನ್ನೋ ಕಾಮೆಂಟುಗಳಿಗೆ ಉತ್ತರ ಕೊಡಲ್ಲ :)