ಕಾರಿನ ಹೊಟ್ಟೆ ತಾಗುವುದೇಕೆ?

ಶಿಡ್ಲಘಟ್ಟ, ಚಿಂತಾಮಣಿ ಕಡೆ ಕೆರೆ ಏರಿ ಹತ್ತಿ ಇಳಿಯುವ ಮಣ್ಣಿನ ದಾರಿಗಳುಂಟು. ಗಿಡ್ಡ ಜೀಪು ಸಲೀಸಾಗಿ ದಾಟುವ ಕಡೆ ಉದ್ದನೆಯ ಕಾರಿನ ಹೊಟ್ಟೆ ಏರಿಯ ನೆತ್ತಿಗೆ ಉಜ್ಜುತ್ತದೆ. ಏಕೆ?

ಲೆಕ್ಕ ಮಾಡೋಣ. ತಳದ ಎತ್ತರ 17 ಸೆಂ.ಮೀ., ಮುಂದಿನ ಹಾಗೂ ಹಿಂದಿನ ಗಾಲಿಗಳ ಅಂತರ 250 ಸೆಂ.ಮೀ. ಎಂದಿಟ್ಟುಕೊಳ್ಳಿ. ಅಂತರದ ಅರ್ಧ 125. 17ನ್ನು 125ರಿಂದ ಭಾಗಿಸಿದರೆ 0.136. ಇದು ಸುಮಾರು 7.7 ಡಿಗ್ರಿ ಕೋನದ ಟ್ಯಾನ್ ಬೆಲೆ. ಚೂಪು ನೆತ್ತಿಯ ಏರಿಯ ಎರಡೂ ಬದಿ ಇದಕ್ಕಿಂತ ಕಡಿದಾಗಿದ್ದರೆ ತಳ ತಾಗುತ್ತದೆ. ಎತ್ತರ ಅಷ್ಟೇ ಇದ್ದು ಗಾಲಿಗಳ ಅಂತರ 200 ಆದರೆ ಕೋನ 9.6 ಡಿಗ್ರಿಗೆ ಏರುತ್ತದೆ. ಗಿಡ್ಡ ಜೀಪಿನ ಗುಟ್ಟು ಇದೇ.

ಹಾಗಾದರೆ ಕಾರನ್ನೇ ಎತ್ತರಿಸಿದರೆ? ಪೋಷಕರೇ, ಅವಸರ ಬೇಡ. ತಳದ ಜೊತೆಗೆ ಗುರುತ್ವ ಕೇಂದ್ರವೂ ಮೇಲೇರುತ್ತದೆ. ನಂದಿಬೆಟ್ಟದ ತಿರುವಿನಲ್ಲಿ ವೇಗವಾಗಿ ಹೊರಳಿಸಿದರೆ ಅಂಥ ಗಾಡಿ ಬೇಗ ಮಗುಚುತ್ತದೆ. ಅದಕ್ಕಿಂತ ಸುಲಭದ ದಾರಿಯಿದೆ: ಜನ ತುಂಬಿದಾಗ ಸ್ಪ್ರಿಂಗು ಕುಗ್ಗಿ ತಳ ಇನ್ನೂ ಕೆಳಗಿಳಿದಿರುತ್ತದೆ, ಏರಿಯ ಬಳಿ ಚಾಲಕನ ಹೊರತು ಎಲ್ಲರೂ ಇಳಿದು ನಡೆಯಿರಿ.

ಮಕ್ಕಳೇ, ಭಾನುವಾರ ಟೇಪು ಹಿಡಿದು ಮನೆಯ ಗಾಡಿಯ ಕೋನ ಲೆಕ್ಕ ಹಾಕಿ. ಎಂಜಿನ್ ನಿಂತಿರಲಿ, ದೊಡ್ಡವರು ಜೊತೆಗಿರಲಿ. ಗಾಡಿಯ ಅಡಿಗೆ ಮಾತ್ರ ನುಸುಳಬೇಡಿ.