ಬಿರುಕಿನ ಮೇಲೆ ನಾವೇ ಬಣ್ಣ ಬಳಿದೆವು



ಎರಡು ವರ್ಷದ ಹಿಂದೆ ಕ್ರಿಸ್ಮಸ್‌ಗೆ ಮುಂಚೆ ನಾವೆಲ್ಲ ಸೇರಿ ಒಂದು ಸರ್ಕಾರಿ ಕನ್ನಡ ಶಾಲೆಗೆ ಸುಣ್ಣಬಣ್ಣ ಮಾಡಿದ್ದು ನಿಮಗೆ ನೆನಪಿರಬಹುದು. ಮೂರನೇ ತರಗತಿಯ ಕೋಣೆಯ ಮೂಲೆಯಲ್ಲಿ ಬೆರಳು ಹೋಗುವಷ್ಟು ಬಿರುಕಿತ್ತು. ಅದಕ್ಕೆ ಪುಟ್ಟಿ ತುಂಬಿ ಹಳದಿ ಬಣ್ಣ ಬಳಿದವನು ನಾನೇ. ಫೋಟೋದಲ್ಲಿ ಚೆನ್ನಾಗಿ ಕಂಡಿತು. ಮುಂದಿನ ಮಳೆಗಾಲಕ್ಕೆ ಬಿರುಕು ಮತ್ತೆ ಬಾಯಿಬಿಟ್ಟಿತು. ನಮ್ಮ ಧರ್ಮಕೇಂದ್ರದ ಮೇಸ್ತ್ರಿ ತಾತ ನೋಡಿ, "ಮೂಲಿ ಬಿಟ್ಟೈತಪ್ಪಾ, ಪುಟ್ಟಿ ಹಚ್ಚಿದ್ರ ನಿಲ್ತದೇನು?" ಅಂದರು.

ಆ ಬಿರುಕು ಭೂಕಂಪದ್ದಲ್ಲ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಗೋಡೆಯನ್ನೂ ಎಳೆಯುತ್ತದೆ. ಆದರೆ ನೆಲ ನಡುಗಿದರೆ ಮೊದಲು ಬಿಚ್ಚಿಕೊಳ್ಳುವುದು ಇಂಥ ಮೂಲೆಯೇ.

ಆದೋನಿ ಕಡೆ ಭೂಕಂಪವೆಲ್ಲಿ ಎಂದು ನಗಬೇಡಿ. ಪಕ್ಕದ ಬಳ್ಳಾರಿಯಲ್ಲಿ 1843ರ ಏಪ್ರಿಲ್ 1ರಂದು ಭೂಕಂಪವಾದದ್ದು ದಾಖಲೆಯಲ್ಲಿದೆ. ಇಲ್ಲಿಂದ ಉತ್ತರಕ್ಕೆ ಮುನ್ನೂರು ಕಿ.ಮೀ. ಒಳಗೇ ಇರುವ ಕಿಲ್ಲಾರಿ, ಅಂದಿನ ನಕ್ಷೆಯ ಪ್ರಕಾರ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಸಾವಿರಾರು ಜನ ಮಲಗಿದ್ದಲ್ಲೇ ಸತ್ತರು. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಒಂದನೇ ವಲಯವನ್ನೇ ತೆಗೆದು ಎರಡನೆಯದಕ್ಕೆ ಸೇರಿಸಿದರು. ಆ ನಕ್ಷೆಯಲ್ಲಿ ನಮ್ಮದೂ ಎರಡನೇ ವಲಯ. ಅಪಾಯ ಕಡಿಮೆ, ನಿಜ. ಇಲ್ಲವೇ ಇಲ್ಲ ಎಂದಲ್ಲ.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ನಮ್ಮ ಹಳ್ಳಿಗಳ ಹಳೆಯ ಮನೆಗಳು ಬೇರೆ ಥರ ಇವೆಯೇ? ಬಿ.ಎಸ್ಸಿ.ಯಲ್ಲಿ ಓದಿದ ನ್ಯೂಟನ್ ನಿಯಮ ಇಲ್ಲಿ ನೇರ ಅನ್ವಯಿಸುತ್ತದೆ: ಮೇಲಿನ ಭಾರ ಹೆಚ್ಚಿದಷ್ಟೂ ಗೋಡೆಯ ಮೇಲೆ ಬೀಳುವ ಅಡ್ಡ ತಳ್ಳು ಹೆಚ್ಚು. ಗೋಡೆಗಳು ಮೂಲೆಯಲ್ಲಿ ಒಂದನ್ನೊಂದು ಬಿಟ್ಟರೆ ಮುಗಿಯಿತು. ಅದಕ್ಕೇ ಬಾಗಿಲು ಕಿಟಕಿಗಳ ಮೇಲೆ ಇಡೀ ಕಟ್ಟಡಕ್ಕೆ ಕಬ್ಬಿಣ ಹಾಕಿ ಕಾಂಕ್ರೀಟ್ ಬೆಲ್ಟ್ ಸುತ್ತಬೇಕು. ನಮ್ಮೂರ ಪ್ರೆಸ್ಸಿಂಗ್ ಮಿಲ್ಲಿನಲ್ಲಿ ಹತ್ತಿ ಬೇಲ್‌ಗೆ ಪಟ್ಟಿ ಬಿಗಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಗೋಡೆಗೂ ಗಾರೆ ಕೆರೆದು, ಕಬ್ಬಿಣದ ಜಾಲರಿ ಬಡಿದು, ಸಿಮೆಂಟ್ ಹಾಕಿ ಇಂಥ ಬೆಲ್ಟ್ ಕಟ್ಟಬಹುದು.

ಇನ್ನು ಹಣದ ಮಾತು. 2019ರ ನವೆಂಬರ್ 14ರಂದು ಒಂಗೋಲಿನಲ್ಲಿ 'ಮನಬಡಿ ನಾಡು–ನೇಡು' ಶುರುವಾಯಿತು. (1967ರಲ್ಲಿ ಭೂಕಂಪ ಕಂಡ ಊರು ಅದು!) ಮೊದಲ ಹಂತದಲ್ಲೇ 15,715 ಶಾಲೆಗಳು, ಸುಮಾರು 3,600 ಕೋಟಿ ರೂಪಾಯಿ. ಶೌಚಾಲಯ, ಕುಡಿಯುವ ನೀರು, ಫ್ಯಾನು, ಬೆಂಚು, ಬಣ್ಣ, ಕಾಂಪೌಂಡು ಎಲ್ಲ ಪಟ್ಟಿಯಲ್ಲಿದ್ದವು. ಹೆಣ್ಣುಮಕ್ಕಳಿಗೆ ಶೌಚಾಲಯ ಸಿಕ್ಕಿದ್ದು ಸಣ್ಣ ಮಾತಲ್ಲ, ಅದನ್ನು ಹೀಗಳೆಯಲಾರೆ. ರಿಪೇರಿಯೂ ಇತ್ತು. ಆದರೆ ಭೂಕಂಪಕ್ಕೆ ಗೋಡೆ ಗಟ್ಟಿ ಮಾಡುವುದು ಪ್ರತ್ಯೇಕ ಅಂಶವಾಗಿ ಪಟ್ಟಿಯಲ್ಲಿರಲಿಲ್ಲ. 2011ರಲ್ಲಿ ಕೇಂದ್ರ ಮಂಜೂರು ಮಾಡಿದ ಶಾಲಾ ಸುರಕ್ಷತಾ ಕಾರ್ಯಕ್ರಮ ನಾಲ್ಕು, ಐದನೇ ವಲಯದ ಜಿಲ್ಲೆಗಳಿಗೆ. ನಾವು ಎರಡರ ನಡುವೆ ಬಿದ್ದವರು.

"ಮಳೆಯಿಲ್ಲ, ಅರ್ಧ ಊರು ಮೆಣಸಿನಕಾಯಿ ಬಿಡಿಸೋಕೆ ಗುಂಟೂರಿಗೆ ಹೋಗ್ತದೆ, ನಿನಗೆ ಭೂಕಂಪದ ಚಿಂತೆಯೇನೋ" ಎಂದು ಮಾವ ಕೇಳಿದರು. ಸರಿಯಾದ ಪ್ರಶ್ನೆಯೇ. ನಾನು ಬೇರೆ ಯೋಜನೆ ಕೇಳುತ್ತಿಲ್ಲ. ರಿಪೇರಿಗೆಂದು ಹೇಗೂ ಗಾರೆ ಕೆರೆದಾಗ, ಸಾರವೆ ಕಟ್ಟಿದಾಗ, ಅದೇ ಎಸ್ಟಿಮೇಟಿನಲ್ಲಿ ಬೆಲ್ಟಿಗೂ ದುಡ್ಡಿಡಿ, ಬಣ್ಣ ಕೊನೆಗಿರಲಿ ಎನ್ನುತ್ತಿದ್ದೇನೆ. ಆ ಗೋಡೆ ಜೋರು ಮಳೆಗೂ ನಿಲ್ಲುತ್ತದೆ.

ದೈವಚಿತ್ತ ಎನ್ನುವವರೂ ಇದ್ದಾರೆ. ಸಿಲೋವಾಮಿನ ಗೋಪುರ ಬಿದ್ದು ಸತ್ತವರು ಹೆಚ್ಚು ಪಾಪಿಗಳೇನಲ್ಲ ಎಂಬುದನ್ನು ಲೂಕನ ಶುಭಸಂದೇಶದಲ್ಲಿ ಓದಿದವರು ನಾವು. 2001ರ ಗುಜರಾತ್ ಭೂಕಂಪದಲ್ಲಿ 971 ವಿದ್ಯಾರ್ಥಿಗಳು, 31 ಶಿಕ್ಷಕರು ಸತ್ತರು. ಅಂದು ಗಣರಾಜ್ಯೋತ್ಸವ, ತರಗತಿಗಳಿರಲಿಲ್ಲ. ಇದ್ದಿದ್ದರೆ?

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಮೇಸ್ತ್ರಿ ತಾತನ ಜೊತೆ ಅದೇ ಶಾಲೆಗೆ ಹೋಗಿ ಬಿರುಕು ಅಳೆಯುತ್ತೇವೆ. ಹೆಡ್‌ಮಾಸ್ಟರಿಗೆ ಹೇಳಿದ್ದೇನೆ. ಆಮೇಲೆ ಮಂಡಲ ಶಿಕ್ಷಣಾಧಿಕಾರಿಗೆ ಅರ್ಜಿ. ಅದು ತೆಲುಗಿನಲ್ಲಿರಬೇಕು, ನನ್ನ ತೆಲುಗು ಮಾತಾಡುವುದಕ್ಕೆ ಸಾಕು, ಬರೆಯುವುದಕ್ಕಲ್ಲ. ಚೆನ್ನಾಗಿ ಬರೆಯಬಲ್ಲ ಒಬ್ಬರು ಬನ್ನಿ, ಟೇಪು ಹಿಡಿಯುವವರು ಇಬ್ಬರು.