ಮಂಗಳಗ್ರಹದಲ್ಲೊಂದು ಘಾಟಿ ದಾರಿ

ಸಕಲೇಶಪುರದಿಂದ ಮಂಗಳೂರಿಗೆ ಹೋಗಿಬಂದವರಿಗೆ ಮಾರನಹಳ್ಳಿಯ ಆಚೆಗಿನ ಶಿರಾಡಿ ಘಾಟಿ ಅಪರಿಚಿತವಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದು ಅಲ್ಲಿ ಒಂದೇ ವಾಹನ ನುಸುಳುವಷ್ಟು ದಾರಿ ಉಳಿದಿದೆಯೆಂದು ಭಾವಿಸೋಣ. ಲಾರಿಯೊಂದು ಅದನ್ನು ಹೊಕ್ಕಿದೆ. ಅದರ ಬೆನ್ನಿಗೆ ರೋಗಿಯನ್ನು ಹೊತ್ತ ಆಂಬುಲೆನ್ಸು. ದಾರಿಯ ತುದಿಯಲ್ಲಿ ಅಡ್ಡರಸ್ತೆಯಿಂದ ಬಸ್ಸುಗಳು ಸಾಲುಗಟ್ಟಿ ಬರುತ್ತಿವೆ. ಲಾರಿಗಿಂತ ಬಸ್ಸಿಗೆ ಮೊದಲ ಮನ್ನಣೆ ಎಂಬುದು ನಿಯಮ. ಪೊಲೀಸಿನವನು ಲಾರಿಯನ್ನು ತಡೆದು ಬಸ್ಸುಗಳನ್ನು ಬಿಡುತ್ತಾನೆ. ಅವನ ತಪ್ಪೇನೂ ಇಲ್ಲ. ಆದರೂ ಎಲ್ಲರಿಗಿಂತ ಮುಂದೆ ಹೋಗಬೇಕಾದ ಆಂಬುಲೆನ್ಸು ಎಲ್ಲರಿಗಿಂತ ಹಿಂದುಳಿಯಿತು!

1997ರ ಜುಲೈ 4ರಂದು ಮಂಗಳನ ಮೇಲಿಳಿದ ಅಮೆರಿಕದ ‘ಪಾತ್‌ಫೈಂಡರ್’ ನೌಕೆಗೆ ಒದಗಿದ್ದೂ ಇದೇ ಪೇಚು. ಅದರ ಗಣಕಯಂತ್ರಕ್ಕೆ ಕೆಲಸಗಳು ಹಲವು, ಮಿದುಳು ಒಂದೇ. ಯಾವುದಕ್ಕೆ ಯಾವಾಗ ಸರದಿ ಎಂಬುದನ್ನು ಆಪರೇಟಿಂಗ್ ಸಿಸ್ಟಂ ಎಂಬ ಮೇಸ್ತ್ರಿ ಕೆಲಸಗಳ ದರ್ಜೆ ನೋಡಿ ಹಂಚುತ್ತದೆ. ಹವಾಮಾನದ ಅಳತೆಯದು ಕೆಳದರ್ಜೆ: ಅದೇ ಲಾರಿ. ನೌಕೆಯ ಅಂಗಗಳ ನಡುವೆ ಮಾಹಿತಿ ಸಾಗಿಸುವ ಮೇಲ್ದರ್ಜೆಯ ಕೆಲಸವೇ ಆಂಬುಲೆನ್ಸು. ಎರಡಕ್ಕೂ ಬೇಕಾದ ಬೀಗದ ಕೈ ಒಂದೇ. ಅದನ್ನು ಹಿಡಿದ ಹವಾಮಾನದ ಕೆಲಸವನ್ನು ನಡುದರ್ಜೆಯ ಕೆಲಸಗಳು ತಡೆದಾಗ ಮೇಲ್ದರ್ಜೆಯದೂ ಸ್ತಬ್ಧವಾಯಿತು. ಸೆಕೆಂಡಿಗೆ ಎಂಟು ಬಾರಿ ಮುಗಿಯಬೇಕಾದ ಕೆಲಸವದು! ಗಡುವು ಮೀರಿದ್ದನ್ನು ಕಂಡ ಕಾವಲು ವ್ಯವಸ್ಥೆ ಇಡೀ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿತು. ಹೀಗೆ ಹಲವು ಬಾರಿ ಆಯಿತು. ಪ್ರತಿಸಲವೂ ಆ ದಿನದ ಉಳಿದ ಸಂಶೋಧನೆ ಮರುದಿನಕ್ಕೆ.

ಗಡುವನ್ನೇ ಹಿಗ್ಗಿಸಬಹುದಿತ್ತಲ್ಲ ಎಂದು ವಾಚಕರು ಕೇಳಬಹುದು. ಬಸ್ಸಿನ ಸಾಲು ಉದ್ದವಾದಷ್ಟೂ ಗಡುವು ಸಾಲದೆ ಹೋದೀತು. ಕಾಯುವ ರೋಗಿಗೆ ಅದರಿಂದ ಬಂದ ಭಾಗ್ಯವೇನು? ಸರಿಯಾದ ಮದ್ದನ್ನು ಲೂಯಿ ಶಾ, ರಾಗುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೋಕ್ಸ್ಕಿ 1990ರಲ್ಲಿಯೇ ವಿವರಿಸಿದ್ದರು: ಆಂಬುಲೆನ್ಸು ಹಿಂದೆ ನಿಂತಿರುವಷ್ಟು ಹೊತ್ತು ಲಾರಿಗೂ ಆಂಬುಲೆನ್ಸಿನ ಮರ್ಯಾದೆಯೇ ಸಲ್ಲಬೇಕು. ಕಿರುದಾರಿ ದಾಟಿದೊಡನೆ ಅದು ಮತ್ತೆ ಲಾರಿಯೇ.

ನೌಕೆಯ ಆಪರೇಟಿಂಗ್ ಸಿಸ್ಟಂನಲ್ಲಿ ಈ ಏರ್ಪಾಡು ಇದ್ದೇ ಇತ್ತು. ಆ ಬೀಗಕ್ಕೆ ಮಾತ್ರ ಅದನ್ನು ಜೋಡಿಸಿರಲಿಲ್ಲ. ಎಂಜಿನಿಯರುಗಳು ಭೂಮಿಯಲ್ಲಿದ್ದ ಪ್ರತಿರೂಪದ ಮೇಲೆ ಅದೇ ತೊಂದರೆಯನ್ನು ಮರುಕಳಿಸುವಂತೆ ಮಾಡಿ ಕಾರಣ ಹಿಡಿದರು. ಹೊರಡುವ ಮುನ್ನ ಪರೀಕ್ಷೆಯಲ್ಲೂ ಅದು ತಲೆಹಾಕಿತ್ತಂತೆ. ಮತ್ತೆ ಕಾಣಿಸದ್ದರಿಂದ ಬಿಟ್ಟುಬಿಟ್ಟಿದ್ದರು. ತಿದ್ದುಪಡಿ ರೇಡಿಯೋ ಅಲೆಯೇರಿ ಮಂಗಳನಿಗೆ ಹೋಯಿತು. ಒಂದು ತಿಂಗಳಿಗೆಂದು ಕಟ್ಟಿದ್ದ ನೌಕೆ ಸೆಪ್ಟೆಂಬರ್ 27ರವರೆಗೂ ಮಾತನಾಡುತ್ತಿತ್ತು.